ಮರಳಿನ ರುಚಿ ನೋಡುವ ಜಪಾನಿ ಸಾರ್

ಮರಳು ತಿನ್ನುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಒಂದೆರಡು ಸಲ ಅಲ್ಲ, ಹನ್ನೊಂದು ವರ್ಷ! ಅದೂ ಮಣ್ಣು ತಿನ್ನುವ ವಯಸ್ಸಿನ ಮಗುವನ್ನಲ್ಲ. ಅರವತ್ತು ದಾಟಿದ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ, ಎದೆಯ ಜೇಬಿನಲ್ಲಿ ಮೂರು ಪೆನ್ಸಿಲು ಸಿಕ್ಕಿಸಿಕೊಂಡ, ಜಪಾನಿನಿಂದ ಬಂದ ಆರ್ಕಿಟೆಕ್ಟ್ ಹಾಗೂ ಕಾಂಕ್ರೀಟ್ ಎಂಜಿನಿಯರನ್ನು. ಈ ಸಂಗತಿಯನ್ನು ನಾನು ಕಾರ್ಕಳದಲ್ಲಿರುವ ಅತ್ತೆಗೆ ಫೋನಿನಲ್ಲಿ ಹೇಳಿದಾಗ ಅವರು ಒಂದು ಗಳಿಗೆ ಯೋಚಿಸಿ, "ಪಾಪ, ಹೊಟ್ಟೆಹುಳ ಇರಬೇಕು. ಯಾರೂ ಔಷಧ ಕೊಡಲಿಲ್ಲವಾ?" ಎಂದರು.

ಹೊಟ್ಟೆಹುಳ ಅಲ್ಲ, ಉಪ್ಪು. ಕಾಂಕ್ರೀಟಿನೊಳಗೆ ಉಪ್ಪು ಸೇರಿದರೆ ಒಳಗಿನ ಕಂಬಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ಕಂಬಿ ಉಬ್ಬಿ ಗೋಡೆಯನ್ನು ಸೀಳುತ್ತದೆ. ಸಮುದ್ರ ಮಗ್ಗುಲಲ್ಲೇ ಇರುವ ದುಬೈಯಲ್ಲಿ ಉಪ್ಪಿಗೇನು ಬರಗಾಲವೇ? ಆದ್ದರಿಂದ ಸೈಟಿಗೆ ಮರಳಿನ ಲಾರಿ ಬಂದರೆ ಇವರು ಚಿಟಿಕೆ ಮರಳು ತೆಗೆದು, ಅಡುಗೆಯವರು ಸಾರಿನ ರುಚಿ ನೋಡುವಂತೆ ನಾಲಿಗೆಯ ತುದಿಗಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಲ್ಯಾಬಿನ ರಿಪೋರ್ಟು ಕೈಯಲ್ಲೇ ಇದ್ದರೂ ಇದು ತಪ್ಪುತ್ತಿರಲಿಲ್ಲ. ಒಮ್ಮೆ ಹೊಸ ಪಠಾಣ್ ಡ್ರೈವರೊಬ್ಬ ಇದನ್ನು ನೋಡಿ ಗಾಬರಿಯಾಗಿ, ತನ್ನ ಸೀಟಿನ ಕೆಳಗಿನಿಂದ ಅರ್ಧ ರೊಟ್ಟಿ ತೆಗೆದು ತಂದು ಇವರ ಕೈಗಿಟ್ಟ. ಇವರು ತಲೆ ಬಾಗಿಸಿ ರೊಟ್ಟಿಯನ್ನು ತಿಂದರು. ಆಮೇಲೆ ಲಾರಿಯನ್ನು ವಾಪಸು ಕಳಿಸಿದರು!

ನಾನು ದುಬೈಯ ಅವರ ಕಚೇರಿಗೆ ಸೇರಿದ್ದು ನಕಾಶೆ ಮತ್ತು ಕಾಗದಪತ್ರ ನೋಡಿಕೊಳ್ಳುವ ಕೆಲಸಕ್ಕೆ. ಸಿಮೆಂಟಿಗೂ ಕಾಂಕ್ರೀಟಿಗೂ ವ್ಯತ್ಯಾಸ ಗೊತ್ತಿರಲಿಲ್ಲ. ಮೊದಲ ದಿನವೇ ಇವರು ನನ್ನ ಮೇಜಿನ ಮುಂದೆ ನಿಂತು ಸೊಂಟದಿಂದ ಬಾಗಿದಾಗ, ಏನೋ ಕೆಳಗೆ ಬಿದ್ದಿರಬೇಕೆಂದು ಕುರ್ಚಿ ಹಿಂದೆ ಸರಿಸಿದ್ದೆ. ಅದು ನಮಸ್ಕಾರವಂತೆ. ಅವರಲ್ಲಿ ಯಾರ ಹೆಸರು ಹೇಳಿದರೂ ಕೊನೆಗೊಂದು 'ಸಾನ್' ಸೇರಿಸಬೇಕು. ನಮ್ಮ 'ಅವರೇ' ಇದ್ದ ಹಾಗೆ. ನಾನು ಶಾಲಿನಿಸಾನ್ ಆದೆ. ಟೀ ತರುವವರು, ಗೇಟು ಕಾಯುವವರು ಎಲ್ಲರೂ ಸಾನ್ ಆದರು. ಹೆಬ್ರಿಯ ಕಡೆಯ ಬಡಗಿ ಫೋರ್‌ಮನ್ ವಾಸಣ್ಣನಂತೂ 'ವಾಸಣ್ಣಸಾನ್' ಆಗಿ ಎರಡೆರಡು ಮರ್ಯಾದೆ ಪಡೆದರು. ಪ್ರತಿಯಾಗಿ ವಾಸಣ್ಣ ಇವರಿಗಿಟ್ಟ ಹೆಸರು 'ಜಪಾನಿ ಭಟ್ರು'.

"ಮತ್ತೆಂತ ಮೇಡಂ, ಮರಳು ತೊಳೀಬೇಕು, ಜಲ್ಲಿ ತೊಳೀಬೇಕು, ಕುಡಿಯುವ ನೀರೇ ಆಗ್ಬೇಕು. ನಮ್ಮೂರ ದೇವಸ್ಥಾನದಲ್ಲಿ ಸಹ ಇಷ್ಟು ಮಡಿ ಇಲ್ಲ ಮಾರಾಯ್ರೆ!"

ನಾವು ಉಳಿದವರು ಜಪಾನಿ ಸಾರ್ ಎನ್ನುತ್ತಿದ್ದೆವು. ಎದುರಿಗೆ ಬರೀ ಸಾರ್.

ಬೇಸಿಗೆಯಲ್ಲಿ ಅವರ ಹುಚ್ಚು ಇನ್ನೂ ಏರುತ್ತಿತ್ತು. ಇಲ್ಲಿಯ ಬಿಸಿಲಿಗೆ ಕಾಂಕ್ರೀಟು ಕಾದರೆ ಬಿರುಕು ಬಿಡುತ್ತದೆಂದು ಅದಕ್ಕೆ ಐಸು ಬೆರೆಸುತ್ತಾರೆ. ನಾವು ನೀರಿಗೆ ಐಸು ಸಾಲದೆಂದು ಒದ್ದಾಡುವಾಗ ಕಾಂಕ್ರೀಟು ಐಸು ಹಾಕಿಸಿಕೊಂಡು ಬರುತ್ತಿತ್ತು! ಹೊಟ್ಟೆ ತಿರುಗಿಸುತ್ತಾ ಬಂದ ಮಿಕ್ಸರ್ ಲಾರಿಯಿಂದ ಒಂದು ತಳ್ಳುಗಾಡಿ ತುಂಬ ಹಿಡಿಸಿ, ಅದರೊಳಗೆ ಥರ್ಮಾಮೀಟರು ಚುಚ್ಚಿ, ಮಗುವಿನ ಜ್ವರ ನೋಡುವ ತಾಯಿಯ ಮುಖ ಮಾಡಿಕೊಂಡು ಇವರು ಕೂರುತ್ತಿದ್ದರು. ಒಂದು ಡಿಗ್ರಿ ಹೆಚ್ಚಾಗಿದ್ದರೆ ಮುಗಿಯಿತು. "ಖಲಾಸ್. ಮಾಫಿ ಗುಡ್." ಮುಗಿಯಿತು, ಚೆನ್ನಾಗಿಲ್ಲ ಎಂದರ್ಥ. ಅವರಿಗೆ ಬರುತ್ತಿದ್ದ ಅರಬ್ಬಿ ಮತ್ತು ಇಂಗ್ಲಿಷಿನಲ್ಲಿ ಜನ ಅತಿ ಹೆಚ್ಚು ಹೆದರುತ್ತಿದ್ದ ವಾಕ್ಯ ಅದು.

ಒಂದು ಈದ್ ರಜೆಯ ಬೆಳಿಗ್ಗೆ ಫೋನು ಮಾಡಿ, "ಶಾಲಿನಿಸಾನ್, ಕುಟುಂಬ ಇದೆಯಾ? ಸುಂದರ ಜಾಗ ತೋರಿಸುತ್ತೇನೆ" ಎಂದರು. ನಾನು ಪಾಯಸ, ಪುಳಿಯೋಗರೆ ಕಟ್ಟಿಕೊಂಡು, ಗಂಡ ಮಗಳನ್ನು ಹೊರಡಿಸಿಕೊಂಡು ಹೋದೆ. ಸುಂದರ ಜಾಗ ಯಾವುದು? ನಾಲ್ಕು ದಿನದ ಹಿಂದೆ ಹಾಕಿದ ಸ್ಲ್ಯಾಬು! ಕೆಲಸಗಾರರೆಲ್ಲ ಮುಹೈಸ್ನಾದ ಕ್ಯಾಂಪಿನಲ್ಲಿ ಹಬ್ಬ ಮಾಡುತ್ತಿದ್ದಾರೆ, ಅವರನ್ನು ಕರೆಯುವುದು ತಪ್ಪು, ಆದರೆ ಸ್ಲ್ಯಾಬಿಗೆ ಬಾಯಾರಿಕೆ. ಮೇಲೆ ಹೊದಿಸಿದ ಗೋಣಿತಾಟು ಒಣಗಬಾರದು. ನನ್ನ ಗಂಡ, ಔಷಧದಂಗಡಿಯಲ್ಲಿ ದಿನವಿಡೀ ಏಸಿಯಲ್ಲಿ ನಿಲ್ಲುವ ಸುಕುಮಾರ, ಎರಡು ಗಂಟೆ ಪೈಪು ಹಿಡಿದ. ಮಗಳು ನೆರಳಿನಲ್ಲಿ ಕೂತು, "ಅಮ್ಮಾ, ದಿಸ್ ಈಸ್ ನಾಟ್ ಎ ಪಿಕ್‌ನಿಕ್!" ಎಂದು ತೀರ್ಪು ಕೊಟ್ಟಳು. ಸಾರ್ ಪಾಯಸ ಕುಡಿದು, ಒದ್ದೆ ಸ್ಲ್ಯಾಬಿನ ಕಡೆ ಕೈ ತೋರಿಸಿ, "ಎಷ್ಟು ಸಂತೋಷವಾಗಿದೆ ನೋಡಿ" ಎಂದರು. ಯಾರು ಎಂದು ನನ್ನ ಗಂಡ ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲಿರಲಿಲ್ಲ.

ಇಂಥ ಮನುಷ್ಯನ ಸಂಸಾರ ಹೇಗಿದ್ದೀತು? ಇರಲಿಲ್ಲ. ಎರಡು ವರ್ಷದ ಕೆಲಸಕ್ಕೆಂದು ಅಲ್ ಐನ್‌ಗೆ ನೀರಿನ ಟ್ಯಾಂಕು ಕಟ್ಟಲು ಬಂದವರು ನಲವತ್ತು ವರ್ಷ ಉಳಿದುಬಿಟ್ಟಿದ್ದರು. ಹೆಂಡತಿ ಬಹಳ ವರ್ಷ ಜೊತೆಗಿದ್ದು, ಕೊನೆಗೆ ಮಗಳನ್ನು ಕರೆದುಕೊಂಡು ಜಪಾನಿಗೆ ಹೋದರಂತೆ. ಅದನ್ನೂ ಅವರು ತಮಾಷೆಯಾಗಿಯೇ ಹೇಳಿದ್ದು. "ಹೆಂಡತಿ ಲೆಕ್ಕ ಚೆನ್ನಾಗಿ ಮಾಡುತ್ತಿದ್ದಳು. ನಿಮ್ಮ ಕಾಂಕ್ರೀಟು ಗಟ್ಟಿಯಾಗಲು ಇಪ್ಪತ್ತೆಂಟು ದಿನ ಸಾಕು, ನಾನು ಹದಿನಾಲ್ಕು ವರ್ಷ ಕಾದೆ ಅಂದಳು." ಹೇಳಿ ಜೋರಾಗಿ ನಕ್ಕರು. ನಾನೂ ನಗಲು ಹೋದೆ, ಆಗಲಿಲ್ಲ.

ದೊಡ್ಡ ಗೋಪುರಗಳ ಕಾಲ ಬಂದ ಮೇಲೆ ಅವರಿಗೆ ಸಿಕ್ಕಿದ್ದು ನೆಲದಡಿಯ ಕೆಲಸ. ಮೇಲೆ ಹೊಳೆಯುವ ಗಾಜಿನ ಕಟ್ಟಡಕ್ಕೆ ಬೇರೆ ಯಾರದೋ ಹೆಸರು, ಕೆಳಗಿನ ನಾಲ್ಕು ಅಂತಸ್ತಿನ ಪಾರ್ಕಿಂಗು ಇವರದು. "ನಿಮಗೆ ಬೇಜಾರಾಗುವುದಿಲ್ಲವಾ ಸಾರ್?" ಎಂದು ಒಮ್ಮೆ ಕೇಳಿದೆ. "ಇಲ್ಲವಲ್ಲ! ಮೇಲಿನ ಕಟ್ಟಡವನ್ನು ಜನ ಒಂದು ಸಲ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ, ಮರೆಯುತ್ತಾರೆ. ನನ್ನ ಕಂಬದ ಮೇಲೆ ನಂಬರಿದೆ. ಕಾರು ನಿಲ್ಲಿಸಿದವರು ಸಂಜೆಯವರೆಗೆ ನೆನಪಿಟ್ಟುಕೊಳ್ಳಲೇಬೇಕು!"

ಅವರ ಇನ್ನೊಂದು ವಿಚಿತ್ರವನ್ನು ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಯಾವುದೇ ಸ್ಲ್ಯಾಬಿನ ಸೆಂಟ್ರಿಂಗ್ ಬಿಚ್ಚುವ ದಿನ, ಅಂದರೆ ಹಲಗೆ ಮತ್ತು ಆಧಾರದ ಕಂಬಗಳನ್ನು ತೆಗೆಯುವ ದಿನ, ಇವರು ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ ಆ ಸ್ಲ್ಯಾಬಿನ ಕೆಳಗೆ ನಟ್ಟನಡುವೆ ಹಾಕಿಸಿ ಕೂತುಬಿಡುತ್ತಿದ್ದರು. ಕೈಯಲ್ಲಿ ಒಂದು ಲೋಟ ಹಾಲಿಲ್ಲದ ಸುಲೈಮಾನಿ ಚಾ. ಒಂದೊಂದೇ ಕಂಬ ಬಿಚ್ಚುತ್ತಾ ಬರುವಾಗ ಇವರು ತಲೆಯ ಮೇಲಿನ ತಾರಸಿಯನ್ನು ನೋಡುತ್ತಾ ಚಾ ಹೀರುತ್ತಿದ್ದರು. ಸುರಕ್ಷತೆಯ ಅಧಿಕಾರಿಗಳು ಬೈದರು, ಪತ್ರ ಬರೆದರು, ಒಮ್ಮೆ ಕುರ್ಚಿಯನ್ನೇ ಬಚ್ಚಿಟ್ಟರು. ಇವರು ಸಿಮೆಂಟಿನ ಮೂಟೆಯ ಮೇಲೆ ಕೂತರು. ಇದು ಮುದುಕರ ಜಂಬ, ತನ್ನ ಲೆಕ್ಕ ತಪ್ಪುವುದಿಲ್ಲವೆಂದು ತೋರಿಸಿಕೊಳ್ಳುವುದು ಎಂದು ನಾನು ತಿಳಿದಿದ್ದೆ. ಮನೆಯಲ್ಲಿ ಅದನ್ನು ಅಭಿನಯಿಸಿ ಎಲ್ಲರನ್ನೂ ನಗಿಸಿದ್ದೂ ಉಂಟು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡು ವರ್ಷದ ಹಿಂದೆ ಅಬುಧಾಬಿಯಿಂದ ಒಂದು ಕೆಲಸ ಬಂತು. ಅಲ್ಲೊಂದು ಹಳೆಯ ತರಕಾರಿ ಮಾರುಕಟ್ಟೆ. ಅದರ ಛಾವಣಿ ಮಾತ್ರ ನೋಡುವಂಥದ್ದು. ಗಾಳಿ ತುಂಬಿದ ಹಾಯಿಗಳಂತೆ ಬಾಗಿದ ಒಂಬತ್ತು ಕಾಂಕ್ರೀಟ್ ಚಿಪ್ಪುಗಳು, ಒಂದೊಂದೂ ಅಂಗೈ ಅಗಲದಷ್ಟೇ ದಪ್ಪ, ನಡುವೆ ಒಂದು ಕಂಬವೂ ಇಲ್ಲ. ಕೆಳಗೆ ಕುಂಬಳಕಾಯಿ, ಖರ್ಜೂರ, ಕೇರಳದ ಬಾಳೆಗೊನೆ. ಆ ಛಾವಣಿಯನ್ನು ನಮ್ಮ ಸಾರ್ ತಮ್ಮ ಮೂವತ್ತೆರಡರ ವಯಸ್ಸಿನಲ್ಲಿ ಕಟ್ಟಿದ್ದು! ಎಂಜಿನಿಯರೂ ಅವರೇ, ಆರ್ಕಿಟೆಕ್ಟೂ ಅವರೇ. ಅವರ ಇಡೀ ಕಸುಬಿನಲ್ಲಿ ನೆಲದ ಮೇಲೆ, ಬೆಳಕಿನಲ್ಲಿ, ಅವರ ಮನಸ್ಸಿಗೆ ಬಂದ ಹಾಗೆ ಎದ್ದ ಕಟ್ಟಡ ಅದೊಂದೇ.

ಈಗ ಆ ಜಾಗದಲ್ಲಿ ಹೊಸದೊಂದು ಎತ್ತರದ ಕಟ್ಟಡ ಬರಬೇಕಿತ್ತು. ಹಳೆಯ ಛಾವಣಿ ದುರ್ಬಲವಾಗಿದೆ ಎಂಬ ರಿಪೋರ್ಟು ಇದ್ದರೆ ಕೆಡವುವುದು ಸುಲಭ. ನಮ್ಮ ಮ್ಯಾನೇಜರು ಸಾರನ್ನೇ ಕರೆದರು. ಕಟ್ಟಿದವರೇ ಬರೆದುಕೊಟ್ಟರೆ ಯಾರೂ ಪ್ರಶ್ನೆ ಕೇಳುವುದಿಲ್ಲ ನೋಡಿ!

ಸಾರ್ ಛಾವಣಿಯಿಂದ ಬೆರಳುದ್ದದ ಕಾಂಕ್ರೀಟಿನ ತುಂಡುಗಳನ್ನು ಕೊರೆಸಿ ತೆಗೆಸಿದರು, ಲ್ಯಾಬಿನಲ್ಲಿ ಒಡೆಸಿ ನೋಡಿದರು. ಅದು ಕಟ್ಟಿದ ದಿನಕ್ಕಿಂತ ಗಟ್ಟಿಯಾಗಿತ್ತು. ಒಳಗಿನ ಕಂಬಿಗೆ ಒಂದು ಚುಕ್ಕೆ ತುಕ್ಕಿಲ್ಲ. ಅವರು ಹೇಳಿದ ರಿಪೋರ್ಟನ್ನು ಟೈಪು ಮಾಡಿದ್ದು ನಾನೇ. ಒಟ್ಟು ಮೂರು ಸಾಲು: "ಈ ಛಾವಣಿಗೆ ಯಾವ ದೋಷವೂ ಇಲ್ಲ. ಇದು ಇನ್ನೂ ಬಹಳ ಕಾಲ ನಿಲ್ಲುತ್ತದೆ. ಕೆಡವಬೇಕಾದರೆ ದಯವಿಟ್ಟು ಬೇರೆ ಕಾರಣ ಬರೆದುಕೊಳ್ಳಿ."

ಮ್ಯಾನೇಜರು ಕಾಗದ ಹಿಡಿದುಕೊಂಡು ಬಂದರು. "ಸರ್, ಒಂದು ಪದ. 'ಹಳೆಯದಾಗಿದೆ' ಅಂತ ಒಂದೇ ಒಂದು ಪದ ಸೇರಿಸಿ, ಸಾಕು."

"ಹಳೆಯದು ನಾನು," ಎಂದರು ಸಾರ್. "ಅದು ಅಲ್ಲ."

ಬೇರೆ ಕಾರಣ ಬರೆದುಕೊಂಡರು. ಕೆಡವುವುದೆಂದೇ ಆಯಿತು. ಮುಂದಿನ ತಿಂಗಳು ಸಾರ್‌ಗೆ, ತಮ್ಮ ವಯಸ್ಸನ್ನು ಗಮನದಲ್ಲಿಟ್ಟುಕೊಂಡು ಕರಾರನ್ನು ಮುಂದುವರಿಸಲಾಗುತ್ತಿಲ್ಲ ಎಂಬ ಪತ್ರವೂ ಬಂತು. ಆ ಪತ್ರವನ್ನೂ ಟೈಪು ಮಾಡಿದ್ದು ನಾನೇ. ಇಲ್ಲಿ ಕೆಲಸ ಹೋದರೆ ವೀಸಾ ಹೋಗುತ್ತದೆ. ನಲವತ್ತು ವರ್ಷ ಇದ್ದವರೂ ಗಂಟುಮೂಟೆ ಕಟ್ಟಲೇಬೇಕು. ಅವರ ಕೈಗೆ ಕೊಟ್ಟಿದ್ದೂ ನಾನೇ. ಅವರು ಓದಿ, ಮಡಚಿ, "ತಪ್ಪಿಲ್ಲದೆ ಟೈಪು ಮಾಡಿದ್ದೀರಿ, ಶಾಲಿನಿಸಾನ್" ಎಂದು ಬಾಗಿದರು.

ಹೋಗುವ ಮುಂಚಿನ ವಾರಗಳಲ್ಲಿ ಬೇರೆಯವರಾದರೆ ಏನು ಮಾಡುತ್ತಿದ್ದರು? ಸಾಮಾನು ಕಟ್ಟುತ್ತಿದ್ದರು, ಚಿನ್ನ ಕೊಳ್ಳುತ್ತಿದ್ದರು. ಇವರು ಮೇಜಿನ ಮುಂದೆ ಕೂತು ತಮ್ಮ ಛಾವಣಿಯನ್ನು ಹೇಗೆ ಕೆಡವಬೇಕೆಂಬ ನಕಾಶೆ ಬರೆದರು! ನನಗೆ ಸಿಟ್ಟೇ ಬಂತು. "ಅವರಿಗೆ ಅವರ ಎಂಜಿನಿಯರಿದ್ದಾರೆ, ನಿಮಗೇಕೆ ಸಾರ್?" ಎಂದೆ. ಅವರು ನನ್ನ ಊಟದ ಡಬ್ಬಿಯಲ್ಲಿದ್ದ ಬೇಯಿಸಿದ ಮೊಟ್ಟೆಯನ್ನು ಕೇಳಿ ಪಡೆದು, ಅರ್ಧ ಸಿಪ್ಪೆಯನ್ನು ಹುಷಾರಾಗಿ ಬಿಡಿಸಿ, ಬೋರಲು ಹಾಕಿ ಮೇಲಿಂದ ಬೆರಳಿನಿಂದ ಒತ್ತಿದರು. ಒಡೆಯಲಿಲ್ಲ. ಅಂಚನ್ನು ಒಂದು ಕಡೆ ಚಿವುಟಿ ಮತ್ತೆ ಒತ್ತಿದರು. ಇಡೀ ಸಿಪ್ಪೆ ಪುಡಿಯಾಯಿತು. "ಇವರಿಗೆ ಗೊತ್ತಿಲ್ಲ. ಅಂಚಿನಿಂದ ಶುರು ಮಾಡುತ್ತಾರೆ. ಕೆಳಗೆ ಮನುಷ್ಯರಿರುತ್ತಾರೆ." ಅಷ್ಟು ಹೇಳಿ ಮೊಟ್ಟೆಯನ್ನು ತಾವೇ ತಿಂದರು. ನನಗೆ ಆವತ್ತು ಬರೀ ಅನ್ನ.

ಅಬುಧಾಬಿಗೆ ಅವರ ಜೊತೆ ನಾನೂ ವಾಸಣ್ಣನೂ ಹೋದೆವು. ಜೆಸಿಬಿಯ ದೊಡ್ಡಣ್ಣನಂಥ ಯಂತ್ರದ ಮೇಲೆ ಪೇಶಾವರದ ಕಡೆಯ ಆಪರೇಟರು, ಗಡ್ಡಧಾರಿ. ಸಾರ್ ನಕಾಶೆ ಹರಡಿ ಕೈಸನ್ನೆಯಲ್ಲೇ ವಿವರಿಸಿದರು: ಮೊದಲು ಕೆಳಗಿನಿಂದ ಮತ್ತೆ ಆಧಾರದ ಕಂಬ ಕೊಡಬೇಕು, ಆಮೇಲೆ ನೆತ್ತಿಯಿಂದ ಶುರು ಮಾಡಿ ಎರಡೂ ಬದಿ ಸಮನಾಗಿ ಇಳಿಯುತ್ತಾ ಬರಬೇಕು, ಅಂಚು ಕೊನೆಗೆ. ಅವನು ಎಲ್ಲವನ್ನೂ ಕೇಳಿ, "ಬಾಬಾ, ಯೇ ಕಿಸ್ನೆ ಬನಾಯಾ?" ಎಂದ. ಸಾರ್ ತಮ್ಮ ಎದೆ ಮುಟ್ಟಿ ತೋರಿಸಿದರು. ಅವನು ಯಂತ್ರದಿಂದ ಕೆಳಗಿಳಿದ. ಸ್ವಲ್ಪ ಹೊತ್ತು ಛಾವಣಿಯನ್ನೂ ಮುದುಕರನ್ನೂ ನೋಡಿ, "ಮಾಫ್ ಕರ್ನಾ" ಎಂದು ಅವರ ಎರಡೂ ಕೈ ಹಿಡಿದುಕೊಂಡ. ಸಾರ್ ಅವನ ತಪ್ಪು ತಿದ್ದುವವರಂತೆ, "ನೋ ನೋ, ನೆತ್ತಿಯಿಂದ! ಅಷ್ಟು ನೆನಪಿರಲಿ" ಎಂದರು.

ಮೂವತ್ತು ಚಿಲ್ಲರೆ ವರ್ಷ ಯಾರ ಹಂಗೂ ಇಲ್ಲದೆ ನಿಂತಿದ್ದ ಛಾವಣಿಗೆ ಒಂದೊಂದಾಗಿ ಊರುಗೋಲು ಕೊಡುತ್ತಾ ಬಂದರು. ಸಾರ್ ಎಂದಿನಂತೆ ಕೆಳಗೆ ಹೋಗಿ ನಿಂತರು, ನಾಲ್ಕನೆಯ ಚಿಪ್ಪಿನ ಅಡಿಯಲ್ಲಿ. ಅಲ್ಲಿಂದ ಕದಲಲಿಲ್ಲ. ನಾನು ವಾಸಣ್ಣನ ಕಡೆ ತಿರುಗಿ, "ಇದೆಂಥ ಹಠ ಇವರದ್ದು?" ಎಂದೆ.

ವಾಸಣ್ಣ ತಲೆಯ ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಿಮಗೆ ಗೊತ್ತಿಲ್ಲ ಮೇಡಂ. ಇದು ಕಟ್ಟುವಾಗ ನಾನು ಇಲ್ಲಿಯೇ ಇದ್ದೆ, ಹೊಸಬ. ಈ ನಾಲ್ಕನೇದು ಹಾಕಿ ನಾಲ್ಕು ದಿನ ಆಗಿತ್ತು. ಇವರ ಅಪ್ಪ ತೀರಿಹೋದ್ರು ಅಂತ ಫೋನು ಬಂತು. ನಾನು ಬರುವವರೆಗೆ ಸೆಂಟ್ರಿಂಗಿಗೆ ಕೈ ಹಾಕ್ಬೇಡಿ ಅಂತ ಬರೆದು ಇಟ್ಟು ಹೋದ್ರು. ಆದ್ರೆ ಮೇಲಿನವರಿಗೆ ಅವಸರ, ಉದ್ಘಾಟನೆ ಹತ್ತಿರ ಬಂದಿತ್ತು. ಬಿಚ್ಚಿ ಅಂದ್ರು. ಬಿಚ್ಚಿದ್ವಿ. ಕರೀಂನಗರದ ಕಡೆಯ ಒಬ್ಬ ಬಡಗಿ ಇದ್ದ, ಮಲ್ಲಯ್ಯ ಅಂತ. ನಲವತ್ತು ದಾಟಿದವ. ನನಗೆ ಈ ದೇಶದಲ್ಲಿ ಉಳಿ ಹಿಡಿಯಲಿಕ್ಕೆ ಕಲಿಸಿದವ ಅವ. ಅದು ಬೀಳುವಾಗ ಅಡಿಯಲ್ಲಿ ಅವನೇ ಇದ್ದದ್ದು."

"ಸಾರ್‌ದು ಇದರಲ್ಲಿ ಏನು ತಪ್ಪಿತ್ತು?"

"ಎಂತದೂ ಇಲ್ಲ. ವಿಚಾರಣೆ ಆಯ್ತು, ಅಲ್ಲಿಯೂ ಹಾಗೇ ಹೇಳಿದ್ರು. ಇವರು ಒಪ್ಪಲಿಲ್ಲ. 'ನಾನು ಇರ್ಲಿಲ್ಲ' ಅಂತ ಅಷ್ಟೇ ಹೇಳುದು. ಬಿದ್ದದ್ದನ್ನು ಪುನಃ ಹಾಕಿಸಿದ್ರು. ಆಮೇಲೆ ಒಂದು ಸೆಂಟ್ರಿಂಗ್ ಸಹ ಇವರು ಅಡಿಯಲ್ಲಿ ಕೂರದೆ ಬಿಚ್ಚಲಿಲ್ಲ. ಬೀಳುದಾದ್ರೆ ಮೊದಲು ನನ್ನ ಮೇಲೆ ಬೀಳ್ಲಿ ಅಂತ. ಊರಿಗೆ ಹೋಗುದೂ ಬಿಟ್ರು. ಯಾವಾಗ ನೋಡಿದ್ರೂ ಎಲ್ಲಿಯೋ ಒಂದು ಸ್ಲ್ಯಾಬು ಕಂಬದ ಮೇಲೆ ಇರ್ತದಲ್ಲ, ಮತ್ತೆ ಹೋಗುದು ಹೇಗೆ? ಮಗಳ ಮದುವೆ ದಿನ ನಾವಿಬ್ರೂ ಒಂದು ಬೇಸ್‌ಮೆಂಟಿನಲ್ಲಿ ಇದ್ದೆವು. ಫೋನಿನಲ್ಲಿ ನೋಡಿದ್ರು. ನೆಟ್‌ವರ್ಕ್ ಇರ್ಲಿಲ್ಲ, ಅರ್ಧದಲ್ಲಿ ಕಟ್ಟಾಯ್ತು."

ಆ ಕುರ್ಚಿ, ಆ ಚಾ, ನಮ್ಮ ಮನೆಯಲ್ಲಿ ನಾನು ಮಾಡಿದ ಆ ಅಭಿನಯ! ಹೆಂಡತಿ ಕಾದ ಹದಿನಾಲ್ಕು ವರ್ಷವೂ ಆಗ ನನಗೆ ಲೆಕ್ಕಕ್ಕೆ ಸಿಕ್ಕಿತು.

ಕೆಡವುವ ಕೆಲಸಕ್ಕೆ ಹದಿನೇಳು ದಿನ ಹಿಡಿಯಿತು. ಸಾರ್ ದಿನಾ ದುಬೈಯಿಂದ ಬಸ್ಸು ಹತ್ತಿ ಹೋಗಿ ಬಂದರು. ಪೇಶಾವರದವನು ಯಂತ್ರದ ದೊಡ್ಡ ಕೈಯನ್ನು ಹೂವು ಬಿಡಿಸುವವನ ಹಾಗೆ ಆಡಿಸಿದ. ಒಬ್ಬರಿಗೂ ಒಂದು ತರಚು ಗಾಯವಾಗಲಿಲ್ಲ. ನಾಲ್ಕನೆಯ ಚಿಪ್ಪು ಇಳಿದ ದಿನ ಸಾರ್ ಖಾಲಿ ನೆಲದ ಎದುರು ನಿಂತು, ಮಲ್ಲಯ್ಯಸಾನ್ ಎಂದು ಹೇಳಿ ಬಾಗಿದರಂತೆ. ಬಾಗಿದವರು ಬಹಳ ಹೊತ್ತು ಏಳಲಿಲ್ಲವೆಂದು ವಾಸಣ್ಣ ಹೇಳಿದರು. ಸೊಂಟ ಹಿಡಿದುಕೊಂಡಿತೋ ಏನೋ ಎಂದು ಹತ್ತಿರ ಹೋದರೆ, ಹಾಗೇನಿರಲಿಲ್ಲವಂತೆ.

ಕಚೇರಿಯಲ್ಲಿ ಬೀಳ್ಕೊಡುಗೆ. ಮ್ಯಾನೇಜರು ನಾಲ್ಕು ಅಂತಸ್ತಿನ ಕಟ್ಟಡದ ಆಕಾರದ ಕೇಕು ತರಿಸಿದ್ದರು, ಕಿಟಕಿಗಳ ಜಾಗದಲ್ಲಿ ಚಾಕೊಲೇಟು. ಸಾರ್ ಸಂಕೋಚದಿಂದ ಕತ್ತರಿಸಲು ಒಪ್ಪದಾಗ ಮ್ಯಾನೇಜರೇ ಚಾಕು ಹಿಡಿದು ಬುಡಕ್ಕೆ ಇಟ್ಟರು. "ನೋ!" ಸಾರ್ ಕೂಗಿದ ಜೋರಿಗೆ ಪಕ್ಕದ ಕಚೇರಿಯವರೂ ಬಂದರು. "ಮೇಲಿನಿಂದ! ಮೇಲಿನಿಂದ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೂಲೆಯಲ್ಲಿದ್ದ ವಾಸಣ್ಣ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ.

ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟುಬಂದೆ. ನಲವತ್ತು ವರ್ಷದ ಬದುಕು ಎರಡು ಸೂಟ್‌ಕೇಸು, ನಕಾಶೆಗಳ ಒಂದು ಉದ್ದನೆಯ ಕೊಳವೆ. "ಮಗಳು ಬರುತ್ತಾರಾ ಸಾರ್, ಅಲ್ಲಿ?" ಎಂದು ಕೇಳಿದೆ. "ವಿಮಾನದ ಟೈಮು ಕಳಿಸಿದ್ದೇನೆ. 'ನೋಡಿದೆ' ಅಂತ ಬರೆದಿದ್ದಾಳೆ." ಕನ್ನಡಕ ಒರೆಸಿಕೊಂಡರು. "ಮೊಮ್ಮಗಳಿಗೆ ಆರು ವರ್ಷ. ನನಗೆ ಅವಳ ಜೊತೆ ಏನು ಮಾತಾಡಬೇಕೋ ಗೊತ್ತಿಲ್ಲ. ಕಾಂಕ್ರೀಟು ಬಿಟ್ಟು ನನಗೆ ಏನೂ ಬರುವುದಿಲ್ಲ, ಶಾಲಿನಿಸಾನ್."

ಒಳಗೆ ಹೋಗುವ ಹೊತ್ತಾಯಿತು. ಅವರು ಎಂದಿನಂತೆ ಬಾಗಿದರು. ನನಗೇನಾಯಿತೋ ತಿಳಿಯದು. ಅಪ್ಪ ಹೋದ ಮೇಲೆ ನಾನು ಯಾರ ಕಾಲಿಗೂ ಬಿದ್ದವಳಲ್ಲ. ಅಷ್ಟು ಜನರ ನಡುವೆ, ಟ್ರಾಲಿಗಳ ನಡುವೆ, ಹೊಳೆಯುವ ಆ ನೆಲದ ಮೇಲೆ ಮಂಡಿಯೂರಿ ಅವರ ಪಾದ ಮುಟ್ಟಲು ಕೈ ಚಾಚಿದೆ.

ಪಾಪ, ಅವರಿಗೇನು ಗೊತ್ತು ನಮ್ಮ ಪದ್ಧತಿ? ಗಾಬರಿಯಿಂದ ಕೊಳವೆಯನ್ನು ಬದಿಗಿಟ್ಟು, ಎಪ್ಪತ್ತರ ಮಂಡಿಗಳನ್ನು ಕಷ್ಟಪಟ್ಟು ಮಡಚಿ, ಅವರೂ ನನ್ನೆದುರು ನೆಲದ ಮೇಲೆ ಕೂತುಬಿಟ್ಟರು. "ಏನು ಬಿತ್ತು? ಶಾಲಿನಿಸಾನ್, ಏನು ಬಿತ್ತು?" ಎನ್ನುತ್ತಾ ಟ್ರಾಲಿಯ ಅಡಿಯಲ್ಲಿ, ಸೂಟ್‌ಕೇಸುಗಳ ಹಿಂದೆ, ಎರಡೂ ಕೈಗಳಿಂದ ನೆಲ ಸವರಿ ಹುಡುಕತೊಡಗಿದರು.

ಹೇಳೋಣವೆಂದರೆ ಅಳು ತಡೆದುಕೊಳ್ಳಲಾಗಲಿಲ್ಲ. ತಲೆ ಎತ್ತಿದರೆ ಅವರು ನೋಡಿಬಿಡುತ್ತಾರೆ. ಆದ್ದರಿಂದ ನಾನೂ ಅವರ ಜೊತೆ ಸ್ವಲ್ಪ ಹೊತ್ತು ಹುಡುಕಿದೆ.